ಓಡುತ್ತಾ ಓಡುತ್ತಾ ನಿಂತುಹೋಗುವ ಕ್ಯಾಬಿನೆಟ್ ಫ್ಯಾನ್: ಬಿಚ್ಚಿ, ಅಳೆದು, ಎಣ್ಣೆ ಹಾಕಿ ಸರಿಮಾಡಿದ್ದು

ಕಂಪ್ಯೂಟರ್ ಆನ್ ಮಾಡಿದಾಗ ಹಿಂದಿನ ಫ್ಯಾನ್ ಜೋರಾಗಿ ತಿರುಗುತ್ತದೆ. ಸ್ವಲ್ಪ ಹೊತ್ತಿಗೆ ಸದ್ದು ಇಳಿಯುತ್ತದೆ. ಆಮೇಲೆ ಯಾವಾಗಲೋ ನೋಡಿದರೆ ಫ್ಯಾನ್ ನಿಂತೇ ಹೋಗಿರುತ್ತದೆ. ರೆಕ್ಕೆಯನ್ನು ಮೆಲ್ಲಗೆ ತಳ್ಳಿದರೆ ಮತ್ತೆ ಓಡುತ್ತದೆ. ರೀಸ್ಟಾರ್ಟ್ ಮಾಡಿದರೂ ಓಡುತ್ತದೆ. ಪೂರ್ತಿ ಸತ್ತ ಫ್ಯಾನ್ ಆದರೆ ಬಿಚ್ಚಿ ಬೇರೆಯದು ಹಾಕಿ ಮುಗಿಸಬಹುದು. ಹೀಗೆ ಅರ್ಧಂಬರ್ಧ ಕೆಲಸ ಮಾಡುವ ಫ್ಯಾನ್ ಕೈಗೆ ಬಂದರೆ ಮಾತ್ರ ನಿಜವಾಗಿ ಹುಡುಕಬೇಕಾಗುತ್ತದೆ. ಕರೆಂಟ್ ಬರುತ್ತಿಲ್ಲವೋ, ಮದರ್‌ಬೋರ್ಡೇ ನಿಲ್ಲು ಎನ್ನುತ್ತಿದೆಯೋ, ಬೇರಿಂಗ್ ಬಿಗಿಯಾಗಿದೆಯೋ?

ನನ್ನದು 120 ಮಿಲಿಮೀಟರ್ ಫ್ಯಾನ್. ಮೂರು ಪಿನ್, ಸ್ಲೀವ್ ಬೇರಿಂಗ್ (ಗುಂಡುಗಳಿಲ್ಲದೆ, ಎಣ್ಣೆಯಿರುವ ಕೊಳವೆಯೊಳಗೆ ಕಂಬಿ ತಿರುಗುವಂಥದ್ದು), ಸಾಕಷ್ಟು ಹಳೆಯದು. ಕ್ಯಾಬಿನೆಟ್‌ನ ಹಿಂಭಾಗದಲ್ಲಿ ಬಿಸಿ ಗಾಳಿಯನ್ನು ಹೊರಗೆ ತಳ್ಳುವ ಕೆಲಸ ಅದರದ್ದು. ಅದು ನಿಂತರೆ ಕಂಪ್ಯೂಟರ್ ತಕ್ಷಣ ಬಂದ್ ಆಗುವುದಿಲ್ಲ. ಪ್ರೊಸೆಸರ್ ಮೇಲಿನ ಫ್ಯಾನ್ ಜಾಸ್ತಿ ಓಡಿ ಹೇಗೋ ನಿಭಾಯಿಸುತ್ತದೆ. ಅದಕ್ಕೇ ಈ ರೋಗ ಬಹಳ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಕಂಪ್ಯೂಟರ್ ಈಚೆಗೆ ಯಾಕೋ ಜಾಸ್ತಿ ಸದ್ದು ಮಾಡುತ್ತಿದ್ದರೆ, ಸದ್ದು ಮಾಡುವ ಫ್ಯಾನ್ ಬಿಟ್ಟು ಸುಮ್ಮನಿರುವ ಫ್ಯಾನ್ ಯಾವುದು ಎಂದು ನೋಡಿ.

ಮೊದಲು ಕೈಯಿಂದ ನೋಡಿದ್ದು

ಕಂಪ್ಯೂಟರ್ ಬಂದ್ ಮಾಡಿ, ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ) ಹಿಂದಿನ ಸ್ವಿಚ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತೆ. ಆಮೇಲೆ ಪವರ್ ಬಟನ್ ಒಮ್ಮೆ ಒತ್ತಿದೆ. ಬೋರ್ಡಿನಲ್ಲಿ ಉಳಿದಿರುವ ಕರೆಂಟ್ ಹೀಗೆ ಖಾಲಿಯಾಗುತ್ತದೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಬರಹದಲ್ಲಿ ಇರುವುದೆಲ್ಲ ಕ್ಯಾಬಿನೆಟ್ ಫ್ಯಾನ್‌ಗೆ ಮಾತ್ರ. ಎಸ್‌ಎಂಪಿಎಸ್ ಒಳಗಿನ ಫ್ಯಾನ್ ನಿಂತಿದ್ದರೆ ಆ ಡಬ್ಬಿಯನ್ನು ಬಿಚ್ಚಬೇಡಿ. ಕೇಬಲ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಯಾವುದಾದರೂ ವೈರ್ ರೆಕ್ಕೆಗೆ ತಾಗುತ್ತಿದೆಯಾ ನೋಡಿದೆ. ಎಷ್ಟೋ ಸಲ ರೋಗ ಇಷ್ಟೇ ಇರುತ್ತದೆ. ಕೇಬಲ್ ಟೈನ ತುದಿ ಒಳಗೆ ಚಾಚಿಕೊಂಡು, ಫ್ಯಾನ್ ನಿಧಾನವಾದಾಗ ಮಾತ್ರ ಅದನ್ನು ತಡೆದು ನಿಲ್ಲಿಸುತ್ತದೆ. ಸ್ಕ್ರೂಗಳನ್ನು ಒಂದು ಸುತ್ತು ಸಡಿಲ ಮಾಡಿದೆ. ಮೂಲೆಯ ಸ್ಕ್ರೂ ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗಿ ರೆಕ್ಕೆ ಉಜ್ಜುವುದುಂಟು. ಎರಡೂ ಅಲ್ಲ. ಹಾಗಾಗಿ ಫ್ಯಾನನ್ನು ಹೊರಗೆ ತೆಗೆದೆ.

ರೆಕ್ಕೆಯ ಅಂಚಿನ ತುಂಬ ಧೂಳು ಬೂದು ಬಣ್ಣದ ಉಣ್ಣೆಯಂತೆ ಕಟ್ಟಿತ್ತು. ಬ್ರಶ್‌ನಿಂದ ಬಿಡಿಸಿದೆ. ಗಾಳಿ ಊದಿ ಸ್ವಚ್ಛ ಮಾಡುವುದಾದರೆ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಊದಬೇಕು. ಬಿಟ್ಟರೆ ಫ್ಯಾನ್ ತನ್ನ ಮಿತಿಗಿಂತ ಎಷ್ಟೋ ವೇಗವಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಆಮೇಲೆ ನಿಜವಾದ ಪರೀಕ್ಷೆ. ಫ್ಯಾನನ್ನು ಕೈಯಲ್ಲಿ ಹಿಡಿದು ರೆಕ್ಕೆಗೆ ಬೆರಳಿನಿಂದ ಒಂದು ಏಟು ಕೊಟ್ಟೆ. ಒಳ್ಳೆ ಫ್ಯಾನ್ ಆದರೆ ಹಲವು ಸುತ್ತು ಹಗುರಾಗಿ ತಿರುಗಿ, ಕೊನೆಗೆ ಒಳಗಿನ ಆಯಸ್ಕಾಂತದ ಎಳೆತಕ್ಕೆ ಸ್ವಲ್ಪ ಹಿಂದೆ ಮುಂದೆ ತೂಗಿ ನಿಲ್ಲುತ್ತದೆ. ಇದು ಒಂದೂವರೆ ಸುತ್ತಿಗೆ ನಿಂತಿತು. ತೂಗಲೂ ಇಲ್ಲ, ಹಾಗೇ ಅಂಟಿಕೊಂಡ ಹಾಗೆ ನಿಂತಿತು. ಅನುಮಾನ ಬೇರಿಂಗ್ ಕಡೆ ತಿರುಗಿತು. ಆದರೆ ಇಷ್ಟಕ್ಕೇ ಎಣ್ಣೆ ಡಬ್ಬಿ ತೆಗೆಯಬಾರದು ಎನ್ನುವುದು ನನ್ನ ಅಭಿಪ್ರಾಯ. ಬಿಗಿ ಬೇರಿಂಗ್ ಇದ್ದ ಮಾತ್ರಕ್ಕೆ ಉಳಿದದ್ದೆಲ್ಲ ಸರಿ ಇದೆ ಎಂದಾಗುವುದಿಲ್ಲ ಅಲ್ವಾ? ಹೆಡರ್‌ನಲ್ಲೂ, ಅಂದರೆ ಫ್ಯಾನ್ ವೈರ್ ಸಿಕ್ಕಿಸುವ ಬೋರ್ಡಿನ ಪಿನ್‌ಗಳಲ್ಲೂ ತೊಂದರೆ ಇದ್ದರೆ ಎಣ್ಣೆ ಹಾಕಿದ ಮೇಲೂ ಫ್ಯಾನ್ ನಿಲ್ಲುತ್ತದೆ. ಆಗ ಯಾವುದನ್ನು ನಂಬುವುದು?

ಬೋರ್ಡ್, ವೈರ್, ಮೋಟಾರ್

ಈಗಿನ ಬಹಳಷ್ಟು ಬೋರ್ಡ್‌ಗಳ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ), ಬಿಸಿ ಕಡಿಮೆ ಇದ್ದಾಗ ಫ್ಯಾನನ್ನು ಬೇಕೆಂದೇ ನಿಲ್ಲಿಸುವ ಆಯ್ಕೆ ಇರುತ್ತದೆ. ಅದು ಆನ್ ಆಗಿದ್ದರೆ ರಿಪೇರಿಯ ಮಾತೇ ಇಲ್ಲ, ಫ್ಯಾನ್ ಹೇಳಿದ್ದನ್ನೇ ಮಾಡುತ್ತಿದೆ. ನನ್ನ ಬೋರ್ಡಿನಲ್ಲಿ ಅದು ಆಫ್ ಇತ್ತು.

ಫ್ಯಾನನ್ನು ಕ್ಯಾಬಿನೆಟ್ ಮುಂಭಾಗದ ಫ್ಯಾನ್‌ನ ಹೆಡರ್‌ಗೆ ಹಾಕಿದೆ. ಮುಂದಿನದನ್ನು ಹಿಂದಿನ ಹೆಡರ್‌ಗೆ. ಖರ್ಚಿಲ್ಲದ ಈ ಅದಲು ಬದಲಿನಷ್ಟು ನಂಬಿಕೆಯ ಪರೀಕ್ಷೆ ಇನ್ನೊಂದಿಲ್ಲ. ರೋಗ ಫ್ಯಾನ್ ಜೊತೆ ಹೋದರೆ ತಪ್ಪು ಫ್ಯಾನ್‌ದು, ಹೆಡರ್‌ನಲ್ಲೇ ಉಳಿದರೆ ಬೋರ್ಡಿನದು ಅಥವಾ ಬಯೋಸ್ ಸೆಟ್ಟಿಂಗ್‌ನದು. ಎರಡು ಹೆಡರ್‌ಗೂ ಒಂದೇ ಥರದ ಸೆಟ್ಟಿಂಗ್ ಇರಬೇಕು, ಅದನ್ನು ಮೊದಲೇ ನೋಡಿಕೊಳ್ಳಿ. ನನ್ನ ವಿಷಯದಲ್ಲಿ ರೋಗ ಫ್ಯಾನ್ ಜೊತೆಗೇ ಹೋಯಿತು.

ಇನ್ನು ವೈರ್. ಕನೆಕ್ಟರ್ ಒಳಗಿನ ಲೋಹದ ಚಿಕ್ಕ ಹಿಡಿ ಹಿಂದಕ್ಕೆ ಸರಿದಿದ್ದರೆ ಪಿನ್‌ಗೆ ಒಮ್ಮೆ ತಾಗುತ್ತದೆ, ಒಮ್ಮೆ ಇಲ್ಲ. ಪ್ರತಿ ವೈರನ್ನೂ ಕನೆಕ್ಟರ್ ಹತ್ತಿರ ಮೆಲ್ಲಗೆ ಎಳೆದು ನೋಡಿದೆ. ಫ್ಯಾನ್ ಓಡುವಾಗ ವೈರನ್ನು ಅದರ ಬುಡದಲ್ಲಿ ಅಲ್ಲಾಡಿಸಿ ನೋಡಿದೆ. ಮೇಲಿನ ಪ್ಲಾಸ್ಟಿಕ್ ಚೆನ್ನಾಗಿ ಕಂಡರೂ ಒಳಗಿನ ತಾಮ್ರ ಅಲ್ಲೇ ತುಂಡಾಗಿರುವುದು ಜಾಸ್ತಿ. ಅಲ್ಲಾಡಿಸಿದಾಗ ವೇಗ ಬದಲಾಗಲಿಲ್ಲ. ವೈರ್ ಸರಿ ಇದೆ.

ಮೂರು ಪಿನ್ ಫ್ಯಾನ್‌ನಲ್ಲಿ ಒಂದನೆಯ ಪಿನ್ ಗ್ರೌಂಡ್, ಎರಡನೆಯದು 12 ವೋಲ್ಟ್, ಮೂರನೆಯದು ವೇಗ ತಿಳಿಸುವ ವೈರ್. ನಾಲ್ಕು ಪಿನ್ ಇದ್ದರೆ ಕೊನೆಯದು ಪಿಡಬ್ಲ್ಯುಎಂ, ಅಂದರೆ ಎಷ್ಟು ವೇಗ ಬೇಕು ಎಂದು ಬೋರ್ಡ್ ಫ್ಯಾನ್‌ಗೆ ಹೇಳುವ ಸಿಗ್ನಲ್. ಫ್ಯಾನ್ ಒಂದು ಸುತ್ತು ತಿರುಗಿದರೆ ಮೂರನೆಯ ವೈರ್ ಸಾಮಾನ್ಯವಾಗಿ ಎರಡು ಮಿಡಿತ ಕಳಿಸುತ್ತದೆ. ಬೋರ್ಡ್ ಅದನ್ನು ಎಣಿಸಿ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ತೋರಿಸುತ್ತದೆ. 1200 ಆರ್‌ಪಿಎಂ ಎಂದರೆ ಸೆಕೆಂಡಿಗೆ 40 ಮಿಡಿತ. ಫ್ಯಾನ್ ಕಣ್ಣೆದುರೇ ತಿರುಗುತ್ತಿದ್ದರೂ ಬಯೋಸ್ ಸೊನ್ನೆ ತೋರಿಸಿದರೆ ತಪ್ಪು ಈ ವೈರಿನದ್ದೇ ಇರಬಹುದು. ಮೋಟಾರ್ ಬಿಚ್ಚುವ ಅಗತ್ಯವಿಲ್ಲ.

ಮೋಟಾರ್ ಬಗ್ಗೆ ಇನ್ನೊಂದು ಅನುಮಾನ ತೀರಿಸಿಕೊಳ್ಳಬೇಕಿತ್ತು. ಫ್ಯಾನ್ ನಡುವಿನ ಬಟ್ಟಲಿನೊಳಗೆ ತಾಮ್ರದ ಸುರುಳಿಗಳಿವೆ, ರೋಟರ್ (ತಿರುಗುವ ಭಾಗ) ಎಲ್ಲಿದೆ ಎಂದು ತಿಳಿಯುವ ಹಾಲ್ ಸೆನ್ಸರ್ ಇದೆ. ಸುರುಳಿ ತುಂಡಾಗಿದ್ದರೂ ಫ್ಯಾನ್ ಕೆಲವು ಜಾಗದಿಂದ ಹೊರಡುತ್ತದೆ, ಕೆಲವು ಜಾಗದಿಂದ ಹೊರಡುವುದಿಲ್ಲ. ತಳ್ಳಿದರೆ ಓಡುತ್ತದೆ ಎನ್ನುವ ಲಕ್ಷಣ ಬಿಗಿ ಬೇರಿಂಗ್‌ಗೂ ಇದೆ, ಇದಕ್ಕೂ ಇದೆ. ಬೇರೆ ಮಾಡುವುದು ಸುಲಭ. ಬಯೋಸ್‌ನಲ್ಲಿ ಫುಲ್ ಸ್ಪೀಡ್ ಇಟ್ಟು, ಪ್ರತಿ ಸಲ ರೆಕ್ಕೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸಿಟ್ಟು ಆನ್ ಮಾಡಿದೆ. ಎಲ್ಲ ಜಾಗದಿಂದಲೂ ಹೊರಟಿತು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸಿಕ್ಕಿಕೊಂಡಿದ್ದರೆ ಎಣ್ಣೆ ಹಾಕಿಯೂ ಪ್ರಯೋಜನವಿಲ್ಲ, ಹೊಸದೇ ಬೇಕು.

ಹೊರಡುವ ವೋಲ್ಟೇಜ್, ನಿಲ್ಲುವ ವೋಲ್ಟೇಜ್

ನನಗೆ ತುಂಬ ಇಷ್ಟವಾದ ಭಾಗ ಇದು. ಫ್ಯಾನ್ ಮೇಲೆ 12 ವೋಲ್ಟ್ ಎಂದು ಬರೆದಿದ್ದರೂ ಮೂರು ಪಿನ್ ಫ್ಯಾನ್‌ಗೆ ಬೋರ್ಡ್ ಯಾವಾಗಲೂ 12 ಕೊಡುವುದಿಲ್ಲ. ಡಿಸಿ ಮೋಡ್‌ನಲ್ಲಿ ವೋಲ್ಟೇಜನ್ನೇ ಇಳಿಸಿ ವೇಗ ಕಡಿಮೆ ಮಾಡುತ್ತದೆ. ನಿಂತ ಗಾಡಿಯನ್ನು ಹೊರಡಿಸಲು ಬೇಕಾದಷ್ಟು ಬಲ, ಉರುಳುತ್ತಿರುವ ಗಾಡಿಯನ್ನು ತಳ್ಳುತ್ತಾ ಹೋಗಲು ಬೇಡ. ಫ್ಯಾನ್‌ಗೂ ಅಷ್ಟೇ. ನಿಂತಲ್ಲಿಂದ ಹೊರಡಲು ಒಂದು ವೋಲ್ಟೇಜ್ ಬೇಕು. ಓಡುತ್ತಿರುವ ಫ್ಯಾನ್ ಅದಕ್ಕಿಂತ ಕಡಿಮೆಯಲ್ಲೂ ಓಡುತ್ತಿರುತ್ತದೆ. ಇನ್ನೂ ಇಳಿಸಿದರೆ ಒಂದು ಹಂತದಲ್ಲಿ ನಿಲ್ಲುತ್ತದೆ. ಬೇರಿಂಗ್ ಬಿಗಿಯಾದಂತೆ ಈ ಎರಡೂ ಅಂಕಿ ಮೇಲೇರುತ್ತವೆ.

ಮಲ್ಟಿಮೀಟರ್‌ನ ಕಡ್ಡಿಗೆ ತೆಳುವಾದ ಗುಂಡುಸೂಜಿ ಕಟ್ಟಿ, ಕನೆಕ್ಟರ್‌ನ ಹಿಂಬದಿಯಿಂದ, ವೈರ್ ಒಳಗೆ ಹೋಗುವ ತೂತಿನಲ್ಲೇ ತೂರಿಸಿದೆ. ಮೀಟರ್ 20 ವೋಲ್ಟ್ ಡಿಸಿಯಲ್ಲಿ. ಎರಡು ಸೂಜಿ ಒಂದಕ್ಕೊಂದು ತಾಗಬಾರದು. ತಾಗಿದರೆ 12 ವೋಲ್ಟ್ ನೇರ ಗ್ರೌಂಡ್‌ಗೆ ಶಾರ್ಟ್ ಆಗಿ ಹೆಡರ್ ಸುಟ್ಟುಹೋಗಬಹುದು. ಅದಕ್ಕೆ ಸೂಜಿಗಳಿಗೆ ತುದಿ ಬಿಟ್ಟು ಟೇಪ್ ಸುತ್ತಿದ್ದೆ. ಆಮೇಲೆ ಬಯೋಸ್‌ನಲ್ಲಿ ಫ್ಯಾನನ್ನು ಕೈಯಾರೆ ನಿಯಂತ್ರಿಸುವ ಆಯ್ಕೆಗೆ ಹಾಕಿ, ಶೇಕಡಾ ಅಂಕಿಯನ್ನು ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋದೆ.

12 ವೋಲ್ಟ್‌ನಲ್ಲಿ 1010 ಆರ್‌ಪಿಎಂ. ಸ್ಟಿಕ್ಕರ್ ಮೇಲೆ 1200 ಇದೆ. 5.2 ವೋಲ್ಟ್‌ಗೆ ಬಂದಾಗ ರೆಕ್ಕೆ ತಡವರಿಸಿ ನಿಂತಿತು. ಈಗ ಮೇಲೇರಿಸುತ್ತಾ ಬಂದೆ. 6ಕ್ಕೆ ಇಲ್ಲ. 7ಕ್ಕೆ ರೆಕ್ಕೆ ಕೆಲವು ಸೆಕೆಂಡಿಗೊಮ್ಮೆ ಸಣ್ಣಗೆ ಅದುರುತ್ತದೆ, ತಿರುಗುವುದಿಲ್ಲ. ಹೊರಟಿದ್ದು 8.3 ವೋಲ್ಟ್‌ಗೆ.

ಆ ಅದುರುವಿಕೆಗೆ ಕಾರಣವಿದೆ. ರೆಕ್ಕೆ ಸಿಕ್ಕಿಕೊಂಡಿದೆ ಎಂದು ಗೊತ್ತಾದರೆ ಫ್ಯಾನ್ ಒಳಗಿನ ಚಿಪ್ ಸುರುಳಿ ಸುಡದಿರಲಿ ಎಂದು ಕರೆಂಟ್ ನಿಲ್ಲಿಸುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. ಹಾಗಾಗಿ ಬಿಟ್ಟು ಬಿಟ್ಟು ಅದುರುವ ಫ್ಯಾನ್ ಕಂಡರೆ ಅದಕ್ಕೆ ಕರೆಂಟ್ ಬರುತ್ತಿದೆ, ಚಿಪ್ ಬದುಕಿದೆ, ತಿರುಗಲು ಮಾತ್ರ ಶಕ್ತಿ ಸಾಲುತ್ತಿಲ್ಲ ಎಂದು ತಿಳಿಯಬಹುದು.

ಈಗ ಬಯೋಸ್‌ನ ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಎಷ್ಟು ವೇಗ ಎನ್ನುವ ಪಟ್ಟಿ) ನೋಡಿದರೆ ಎಲ್ಲವೂ ಹೊಂದಿಕೆಯಾಯಿತು. ಪ್ರೊಸೆಸರ್ 40 ಡಿಗ್ರಿಗಿಂತ ಕೆಳಗಿದ್ದರೆ ಶೇ. 40, ಅಂದರೆ ಸುಮಾರು 4.8 ವೋಲ್ಟ್. 60 ಡಿಗ್ರಿಗೆ ಶೇ. 60, ಅಂದರೆ 7.2. ಆನ್ ಮಾಡಿದ ಕೂಡಲೇ ಬೋರ್ಡ್ ಎಲ್ಲ ಫ್ಯಾನ್‌ಗೂ ಪೂರ್ತಿ 12 ಕೊಡುತ್ತದೆ, ಆಗ ಫ್ಯಾನ್ ಹೊರಡುತ್ತದೆ. ಕೆಲಸ ಕಡಿಮೆಯಾಗಿ ಪ್ರೊಸೆಸರ್ ತಣ್ಣಗಾದಾಗ 4.8ಕ್ಕೆ ಇಳಿಸುತ್ತದೆ. ಇದಕ್ಕೆ 5.2 ಆದರೂ ಬೇಕು, ನಿಲ್ಲುತ್ತದೆ. ಮತ್ತೆ ಬಿಸಿ ಏರಿ 60 ಡಿಗ್ರಿ ಆದರೂ ಸಿಗುವುದು 7.2. ಹೊರಡಲು 8.3 ಬೇಕು. ಹಾಗಾಗಿ ಬೇಕಾದ ಹೊತ್ತಿಗೇ ಫ್ಯಾನ್ ನಿಂತಿರುತ್ತದೆ. ಇಷ್ಟು ಗೊತ್ತಾದ ಮೇಲೆ ನನಗೆ ಸಮಾಧಾನವಾಯಿತು. ಇನ್ನು ಮಾಡುವ ಕೆಲಸ ಸರಿಯಾಯಿತೋ ಇಲ್ಲವೋ ಎಂದು ಅಳೆದೇ ಹೇಳಬಹುದು.

ನಿಮ್ಮದು ನಾಲ್ಕು ಪಿನ್ ಆದರೆ ಲೆಕ್ಕ ಬೇರೆ. ಪಿಡಬ್ಲ್ಯುಎಂ ಮೋಡ್‌ನಲ್ಲಿ ಎರಡನೆಯ ಪಿನ್‌ನಲ್ಲಿ ಯಾವಾಗಲೂ 12 ವೋಲ್ಟ್ ಇರುತ್ತದೆ, ವೇಗವನ್ನು ನಾಲ್ಕನೆಯ ಪಿನ್ ಹೇಳುತ್ತದೆ. ಅದರ ಸಿಗ್ನಲ್ ಸುಮಾರು 25 ಕಿಲೋಹರ್ಟ್ಸ್. ಆ ವೈರ್ ತುಂಡಾದರೆ ಫ್ಯಾನ್ ನಿಲ್ಲುವುದಿಲ್ಲ, ಬದಲಿಗೆ ಫುಲ್ ಸ್ಪೀಡ್‌ನಲ್ಲಿ ಓಡುತ್ತದೆ. ನಾಲ್ಕು ಪಿನ್ ಫ್ಯಾನ್ ನಿಂತು ನಿಂತು ಓಡುತ್ತಿದ್ದರೆ ಹೆಡರ್ ಡಿಸಿ ಮೋಡ್‌ನಲ್ಲಿ ಇದೆಯಾ ನೋಡಿ, ಪಿಡಬ್ಲ್ಯುಎಂಗೆ ಬದಲಿಸಿ. ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ. ಎಲ್ಲ ಫ್ಯಾನ್ ಒಟ್ಟಿಗೇ ನಿಂತರೆ ಫ್ಯಾನ್ ಹಬ್‌ಗೆ (ಹಲವು ಫ್ಯಾನ್‌ಗಳನ್ನು ಒಟ್ಟಿಗೆ ಸಿಕ್ಕಿಸುವ ಪುಟ್ಟ ಬೋರ್ಡ್) ಎಸ್‌ಎಂಪಿಎಸ್‌ನಿಂದ ಬರುವ ಸಾಟಾ ಪವರ್ ಕನೆಕ್ಟರ್ ಸಡಿಲವಾಗಿದೆಯೇ ನೋಡಿ.

ಬಿಚ್ಚಿ ಎಣ್ಣೆ ಹಾಕಿದ್ದು

ಫ್ಯಾನ್ ನಡುವಿನ ಸ್ಟಿಕ್ಕರ್‌ನ ಒಂದು ಅಂಚನ್ನು ಉಗುರಿನಿಂದ ಎಬ್ಬಿಸಿ ಅರ್ಧ ಬಿಡಿಸಿದೆ. ಕೆಳಗೆ ಪುಟ್ಟ ರಬ್ಬರ್ ಬಿರಡೆ. ಅದನ್ನು ತೆಗೆದರೆ ಶಾಫ್ಟ್‌ನ, ಅಂದರೆ ರೆಕ್ಕೆಯ ನಡುವಿನ ಕಂಬಿಯ ತುದಿ, ಅದನ್ನು ಹಿಡಿದಿರುವ ಬಿಳಿ ಪ್ಲಾಸ್ಟಿಕ್ ಕ್ಲಿಪ್. ಕೆಲವು ಫ್ಯಾನ್‌ಗಳಲ್ಲಿ ಸ್ಟಿಕ್ಕರ್ ಕೆಳಗೆ ತೂತೇ ಇರುವುದಿಲ್ಲ, ಗಟ್ಟಿ ಪ್ಲಾಸ್ಟಿಕ್ ಇರುತ್ತದೆ. ಅಂಥದ್ದನ್ನು ಕೊರೆಯಲು ಹೋಗಬೇಡಿ. ಪ್ಲಾಸ್ಟಿಕ್ ಪುಡಿ ಬೇರಿಂಗ್ ಒಳಗೆ ಬಿದ್ದರೆ ಇದ್ದದ್ದೂ ಹೋಗುತ್ತದೆ.

ತೂತಿನಲ್ಲೇ ಎರಡು ಹನಿ ಬಿಟ್ಟು ಮುಚ್ಚುವವರು ಬಹಳ ಮಂದಿ. ನನಗೆ ಅದು ಒಪ್ಪಿಗೆಯಿಲ್ಲ. ಹಳೆಯ ಎಣ್ಣೆ ಗಟ್ಟಿಯಾಗಿ ಅಂಟಿನಂತಾಗಿರುತ್ತದೆ. ಅದರ ಮೇಲೆ ಹೊಸದು ಹಾಕಿದರೆ ಕೆಲವು ದಿನ ಚೆನ್ನಾಗಿ ಓಡಿ ಮತ್ತೆ ಅದೇ ಕಥೆ.

ಕ್ಲಿಪ್ ಸಿ ಅಕ್ಷರದ ಆಕಾರದಲ್ಲಿರುತ್ತದೆ, ಒಂದು ಕಡೆ ಬಾಯಿ ತೆರೆದಿರುತ್ತದೆ. ಎರಡು ಸೂಜಿಗಳನ್ನು ಆ ಬಾಯಿಗೆ ತೂರಿಸಿ ಅಗಲಿಸುತ್ತಾ ಮೇಲಕ್ಕೆ ಎತ್ತಬೇಕು. ಅದು ಜಿಗಿದು ಎಲ್ಲಿಗೋ ಹಾರುವ ವಸ್ತು, ಹಾರಿದರೆ ಸಿಗುವುದು ಕಷ್ಟ. ಫ್ಯಾನನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟು, ಕೈಯನ್ನೂ ಒಳಗೆ ಹಾಕಿ ತೆಗೆದೆ. ಕ್ಲಿಪ್ ಬಂದ ಮೇಲೆ ರೆಕ್ಕೆಯನ್ನು ನೇರವಾಗಿ ಎಳೆದರೆ ಆಯಸ್ಕಾಂತ ಸ್ವಲ್ಪ ಹಿಡಿದು, ಆಮೇಲೆ ಬಿಡುತ್ತದೆ. ಶಾಫ್ಟ್ ರೆಕ್ಕೆಯ ಜೊತೆಗೇ ಬರುತ್ತದೆ. ಶಾಫ್ಟ್ ಮೇಲೆ ತೆಳುವಾದ ವಾಶರ್‌ಗಳಿದ್ದವು. ಯಾವುದರ ಮೇಲೆ ಯಾವುದು ಎಂದು ಫೋಟೋ ತೆಗೆದುಕೊಂಡೆ.

ಶಾಫ್ಟ್ ಮೇಲೆ ಕಪ್ಪು ಜಿಡ್ಡು. ಬೆರಳುಗಳ ನಡುವೆ ಉಜ್ಜಿದರೆ ಎಣ್ಣೆಯಂತೆ ಜಾರುವುದಿಲ್ಲ, ಬೆರಳು ಬೆರಳಿಗೆ ಅಂಟುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಾಗ ಉಕ್ಕು ಹೊಳೆಯಿತು. ಉಗುರನ್ನು ಶಾಫ್ಟ್‌ನ ಉದ್ದಕ್ಕೂ ಎಳೆದು ನೋಡಿದೆ. ಎಲ್ಲೂ ಗೀರಿಗೆ ಸಿಕ್ಕಲಿಲ್ಲ. ಉಗುರಿಗೆ ಸಿಗುವಷ್ಟು ಸವೆದಿದ್ದರೆ ಎಣ್ಣೆ ಅದನ್ನು ತುಂಬುವುದಿಲ್ಲ, ಫ್ಯಾನ್ ಗಡಗಡ ಎನ್ನುತ್ತಲೇ ಇರುತ್ತದೆ. ಶಾಫ್ಟ್ ಕೂರುವ ಕೊಳವೆಯ, ಅಂದರೆ ಬುಶ್‌ನ ತೂತಿಗೆ ಟಿಶ್ಯೂ ಕಾಗದವನ್ನು ಬತ್ತಿಯಂತೆ ಹೊಸೆದು ತೂರಿಸಿ ತಿರುಗಿಸಿದೆ. ಬತ್ತಿ ಬೆಳ್ಳಗೆ ಹೊರಬರುವವರೆಗೂ ಇದೇ ಕೆಲಸ.

ಈ ಬುಶ್ ಸಾಮಾನ್ಯವಾಗಿ ಗಟ್ಟಿ ಲೋಹದ ತುಂಡಲ್ಲ. ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು, ಆ ರಂಧ್ರಗಳಲ್ಲಿ ಎಣ್ಣೆ. ಅದೇ ವರ್ಷಗಟ್ಟಲೆ ಶಾಫ್ಟ್‌ಗೆ ಸ್ವಲ್ಪ ಸ್ವಲ್ಪ ಒದಗುತ್ತಿರುತ್ತದೆ. ಆಲ್ಕೋಹಾಲ್ ಹಾಕಿದಾಗ ಆ ಎಣ್ಣೆಯೂ ಒಂದಷ್ಟು ಹೋಗುತ್ತದೆ. ಅದಕ್ಕೇ ಆಲ್ಕೋಹಾಲ್ ಪೂರ್ತಿ ಆರಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಎರಡು ಮೂರು ಹನಿ ಬಿಟ್ಟು, ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಿಗ್ಗೆ ನೋಡಿದಾಗ ಬುಶ್ ಎಣ್ಣೆ ಕುಡಿದು ಮಟ್ಟ ಇಳಿದಿತ್ತು. ಇನ್ನೊಂದು ಹನಿ ಹಾಕಿ, ಶಾಫ್ಟ್‌ಗೂ ಸವರಿ, ವಾಶರ್‌ಗಳನ್ನು ಫೋಟೋದಲ್ಲಿದ್ದಂತೆ ಜೋಡಿಸಿದೆ.

ಯಾವ ಎಣ್ಣೆ ಎನ್ನುವುದು ಮುಖ್ಯ. ತುಕ್ಕು ಬಿಡಿಸುವ ಸ್ಪ್ರೇ ಬೇಡ. ಅದರಲ್ಲಿ ದ್ರಾವಕವೇ ಜಾಸ್ತಿ. ಮೊದಲಿಗೆ ಫ್ಯಾನ್ ಚೆನ್ನಾಗಿ ಓಡುತ್ತದೆ, ಆದರೆ ಸ್ಪ್ರೇ ಆರುವಷ್ಟರಲ್ಲಿ ಇದ್ದ ಎಣ್ಣೆಯನ್ನೂ ತೊಳೆದುಬಿಟ್ಟಿರುತ್ತದೆ. ಅಡುಗೆಮನೆಯ ಯಾವ ಎಣ್ಣೆಯೂ ಬೇಡ, ಬಿಸಿಗೆ ಅಂಟಾಗುತ್ತದೆ. ಗ್ರೀಸ್ ಈ ಪುಟ್ಟ ಮೋಟಾರ್‌ಗೆ ಭಾರ. ತೆಳುವಾದ ಮಷೀನ್ ಆಯಿಲ್ ಸಾಕು.

ಕ್ಲಿಪ್ ಕೂತಾಗ ಟಕ್ ಎಂದು ಸಣ್ಣ ಸದ್ದು ಬರುತ್ತದೆ. ರೆಕ್ಕೆಯನ್ನು ಎರಡೂ ಕಡೆಯಿಂದ ಎಳೆದು ನೋಡಿ ಕ್ಲಿಪ್ ಗಟ್ಟಿಯಾಗಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಓಡುವಾಗ ರೆಕ್ಕೆ ಕಳಚಿಕೊಂಡು ಬರಬಾರದು. ಹೊರಗೆ ಹರಿದ ಎಣ್ಣೆಯನ್ನು ಒರೆಸಿದ ಮೇಲೆಯೇ ಸ್ಟಿಕ್ಕರ್ ಅಂಟಿಸಿ. ಜಿಡ್ಡಿನ ಮೇಲೆ ಅದು ಹಿಡಿಯುವುದಿಲ್ಲ.

ಮತ್ತೆ ಅಳೆದಾಗ

ಬೆರಳಿನ ಏಟಿಗೆ ಈಗ ರೆಕ್ಕೆ ಹಗುರಾಗಿ ಹಲವು ಸುತ್ತು ಹೋಯಿತು, ಕೊನೆಗೆ ಹಿಂದೆ ಮುಂದೆ ತೂಗಿ ನಿಂತಿತು. 12 ವೋಲ್ಟ್‌ನಲ್ಲಿ 1180 ಆರ್‌ಪಿಎಂ. ನಿಂತದ್ದು 3.7 ವೋಲ್ಟ್‌ಗೆ. ನಿಂತಲ್ಲಿಂದ ಹೊರಟಿದ್ದು 5 ವೋಲ್ಟ್‌ಗೆ. 8.3ರಿಂದ 5ಕ್ಕೆ ಇಳಿದದ್ದು ಬರೀ ಒಂದಿಷ್ಟು ಹಳೆಯ ಜಿಡ್ಡು ಹೋಗಿದ್ದರಿಂದ!

ಹಳೆಯ ಕರ್ವ್‌ನ 4.8 ವೋಲ್ಟ್‌ಗೆ ಫ್ಯಾನ್ ಈಗ ನಿಲ್ಲುವುದಿಲ್ಲ. ಆದರೆ ಯಾವುದೋ ಕಾರಣಕ್ಕೆ ನಿಂತರೆ 4.8ಕ್ಕೆ ಹೊರಡುವುದೂ ಇಲ್ಲ. ಅದಕ್ಕೆ ಕನಿಷ್ಠವನ್ನು ಶೇ. 50ಕ್ಕೆ, ಅಂದರೆ 6 ವೋಲ್ಟ್‌ಗೆ ಏರಿಸಿದೆ. ಹೊರಡುವ ವೋಲ್ಟೇಜ್‌ಗಿಂತ ಕನಿಷ್ಠವು ಮೇಲೆಯೇ ಇರಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸದ್ದಿನಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಫ್ಯಾನ್ ಮಾತ್ರ ತಾನಾಗಿ ಎದ್ದು ಓಡುತ್ತದೆ.

ಲಿನಕ್ಸ್ ಬಳಸುವವರಿಗೆ ಇದೇ ಅಳತೆ ಇನ್ನೂ ಸುಲಭ. ಪಿಡಬ್ಲ್ಯುಎಂಕಾನ್ಫಿಗ್ ಎನ್ನುವ ಸ್ಕ್ರಿಪ್ಟ್ ಫ್ಯಾನನ್ನು ಹಂತ ಹಂತವಾಗಿ ಇಳಿಸಿ ಏರಿಸಿ ನೋಡುತ್ತದೆ. ಫ್ಯಾನ್ ವೇಗ ನಿಯಂತ್ರಿಸುವ ಫ್ಯಾನ್‌ಕಂಟ್ರೋಲ್ ಎಂಬ ಜೊತೆ ಪ್ರೋಗ್ರಾಮ್‌ನ ಸೆಟ್ಟಿಂಗ್ ಫೈಲಿನಲ್ಲಿ ಮಿನ್‌ಸ್ಟಾರ್ಟ್, ಮಿನ್‌ಸ್ಟಾಪ್ ಎಂದು ಎರಡು ಸಾಲು ಬರುತ್ತವೆ, 0ಯಿಂದ 255ರ ಲೆಕ್ಕದಲ್ಲಿ. ನಾನು ಮೀಟರ್ ಹಿಡಿದು ಕಂಡುಕೊಂಡ ಎರಡು ಅಂಕಿಗಳೇ ಇವು. ಫ್ಯಾನ್ ಹಳೆಯದಾದರೂ ಕೆಲಸ ಮಾಡುವಂತೆ ಮಿನ್‌ಸ್ಟಾರ್ಟ್‌ಗೆ ಸ್ವಲ್ಪ ಜಾಸ್ತಿಯೇ ಕೊಡಿ ಎಂಬ ಸಲಹೆ ಅದರ ಕೈಪಿಡಿಯಲ್ಲೇ ಇದೆ. ಪರೀಕ್ಷೆ ನಡೆಯುವಾಗ ಫ್ಯಾನ್‌ಗಳು ನಿಲ್ಲುತ್ತವೆ, ಆ ಹೊತ್ತಿನಲ್ಲಿ ಭಾರದ ಕೆಲಸ ಯಾವುದೂ ಓಡುತ್ತಿರಬಾರದು.

ಮುಂದಿನ ಫ್ಯಾನ್ ಕೂಡ ಇದರ ಜೊತೆಯದೇ. ಅದನ್ನೂ ಅಳೆದೆ: 6.1ಕ್ಕೆ ಹೊರಡುತ್ತದೆ, 4.3ಕ್ಕೆ ನಿಲ್ಲುತ್ತದೆ. ಇನ್ನೂ ಬಿಚ್ಚುವಷ್ಟು ಕೆಟ್ಟಿಲ್ಲ, ಕನಿಷ್ಠವನ್ನು ಶೇ. 60ಕ್ಕೆ ಇಟ್ಟಿದ್ದೇನೆ. ಎರಡರ ಅಂಕಿಗಳನ್ನೂ ತಾರೀಖಿನ ಜೊತೆ ಒಂದು ಟೇಪಿನ ಮೇಲೆ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿದೆ. ಮುಂದಿನ ಸಲ ಧೂಳು ತೆಗೆಯುವಾಗ ಮತ್ತೆ ಅಳೆದು ಹೋಲಿಸಬಹುದು. ಹೊರಡುವ ವೋಲ್ಟೇಜ್ 8ರ ಹತ್ತಿರ ಬಂದರೆ ಮತ್ತೆ ಬಿಚ್ಚುವುದು. ಶಾಫ್ಟ್ ಸವೆದಿದ್ದರೆ ಹೊಸದು ತರುವುದು. ಆಗ ಅಳತೆ ತಪ್ಪದಿರಲಿ: 120 ಮಿಲಿಮೀಟರ್ ಫ್ಯಾನ್‌ನಲ್ಲಿ ಅಕ್ಕಪಕ್ಕದ ಸ್ಕ್ರೂ ತೂತುಗಳ ನಡುವಿನ ದೂರ 105, 140ರದ್ದು 124.5. ಹೊಸದನ್ನು ಹಾಕಿದ ದಿನವೇ ಅದರ ಎರಡೂ ವೋಲ್ಟೇಜ್ ಅಳೆದು ಟೇಪಿನ ಮೇಲೆ ಬರೆದಿಡಿ.